ಅಮರಗೋಳಕ್ಕೆ ನಾನು ಕರೆದೊಯ್ದ ಸ್ವಯಂಸೇವಕ

ನನಗೆ ಸೈಕಲ್ ಹೊಡೆಯುವುದು ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವ ಸಂಗತಿಗಳಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ!

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಜೊತೆಯ ಮಾಸ್ತರರೆಲ್ಲ ಒಬ್ಬೊಬ್ಬರಾಗಿ ಸ್ಕೂಟರ್ ತೆಗೆದುಕೊಂಡರು, ಹಿಂದೆಯೇ ಹೊಟ್ಟೆಯನ್ನೂ ಬೆಳೆಸಿಕೊಂಡರು. ನಾನು ಮಾತ್ರ ನನ್ನ ಹಸಿರು ಸೈಕಲ್ಲನ್ನು ಬಿಡಲಿಲ್ಲ. ರವಿವಾರ ಚರ್ಚು ಮುಗಿದರೆ ಸಾಕು, ಧಾರವಾಡದ ತನಕ ತುಳಿದುಕೊಂಡು ಹೋಗಿ, ಅಲ್ಲಿ ಒಂದು ಕಪ್ ಚಹಾ ಕುಡಿದು, ತುಳಿದುಕೊಂಡೇ ವಾಪಸು ಬರುತ್ತಿದ್ದೆ.

"ಮನ್ಯಾಗ ಚಹಾ ಮಾಡಿಕೊಟ್ರ ಗಂಟಲದಾಗ ಇಳಿಯೂದಿಲ್ಲೇನ್ರಿ?" ಎಂದು ನನ್ನ ಹೆಂಡತಿ ಶಾಂತಾ ಕೇಳುತ್ತಿದ್ದಳು.

ಅವಳಿಗೆ ಸೈಕಲ್ಲಿನ ಮಹತ್ವ ಗೊತ್ತಿರಲಿಲ್ಲ. ದೇವರು ನನಗೆ ಗಟ್ಟಿ ಕಾಲು ಕೊಟ್ಟಿದ್ದಾನೆಂದರೆ ಅದಕ್ಕೊಂದು ಕಾರಣ ಇರಲೇಬೇಕು, ಅದನ್ನು ಎಂದಾದರೂ ನನಗೆ ತಿಳಿಸುತ್ತಾನೆ ಎಂದು ನಾನು ದೃಢವಾಗಿ ನಂಬಿದ್ದೆ.

ಆ ಕಾರಣ ಎಸ್ತರಬಾಯಿಯವರ ರೂಪದಲ್ಲಿ ಬಂತು.

ಎಸ್ತರಬಾಯಿ ನಿವೃತ್ತ ನರ್ಸು. ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಅವರದೊಂದು ಸಣ್ಣ ಸೇವೆ ನಡೆಯುತ್ತಿತ್ತು. ಬಸಿರಾದ ಹೆಂಗಸಿಗೆ ಮನೆಯವರು 'ಈ ಕೂಸು ಬ್ಯಾಡ, ತೆಗೆಸಿಬಿಡು' ಎಂದು ಜುಲುಮೆ ಮಾಡಿದರೆ ಇವರು ಅವಳ ಬೆನ್ನಿಗೆ ನಿಲ್ಲುತ್ತಿದ್ದರು. ಇರಲಿಕ್ಕೊಂದು ಜಾಗ, ಗುಳಿಗೆ, ಹಾಲು, ಹೆರಿಗೆಯ ವೇಳೆಗೆ ಒಂದು ಕೈ. ದೇವರು ಕೊಟ್ಟ ಜೀವವನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬುದು ಅವರ ನಂಬಿಕೆ. ನನ್ನದೂ ಅದೇ ನಂಬಿಕೆ. ವ್ಯತ್ಯಾಸ ಇಷ್ಟೇ: ಅವರು ಅದನ್ನು ಮಾಡುತ್ತಿದ್ದರು, ನಾನು ಹೇಳುತ್ತಿದ್ದೆ.

ಒಂದು ದಿನ ನಾನಾಗಿಯೇ ಅವರ ಮುಂದೆ ಹೋಗಿ ನಿಂತೆ. "ಬಾಯಾರ, ನನ್ನ ಕಡೆ ಸೈಕಲ್ ಐತಿ. ಎರಡು ಕಾಲ ಅದಾವು. ಸೇವಾಕ್ಕ ತಗೋರಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕಾಲ ಛಲೋ ಅದಾವು ಮಾಸ್ತರ. ಬಾಯಿದ ಹೆಂಗ?"

"ಬಾಯಿನೂ ಛಲೋ ಐತ್ರಿ!" ಎಂದೆ ಹೆಮ್ಮೆಯಿಂದ.

ಅವರು ಅಲ್ಲೇ ಬೇಡ ಎನ್ನಬೇಕಿತ್ತು. ಆದರೆ ಅವರ ಮೊಣಕಾಲು ನೋಯುತ್ತಿತ್ತು, ಬಸ್ಸು ಹತ್ತಿ ಇಳಿಯುವುದು ಆಗುತ್ತಿರಲಿಲ್ಲ. ಹಾಗಾಗಿ ಕೈಚೀಲವೊಂದನ್ನು ಕೊಟ್ಟು ಕೆಲಸ ಹೇಳಿದರು.

ಧಾರವಾಡದ ಹಾದಿಯಲ್ಲಿ, ಉಣಕಲ್ಲಿನ ಆಚೆ ಇರುವ ಅಮರಗೋಳದಲ್ಲಿ ನಮ್ಮ ಚರ್ಚಿನ ರೂತವ್ವ ಎಂಬ ಮುದುಕಿ ಒಬ್ಬಳೇ ಇದ್ದಳು. ಅವಳ ಮನೆಯಲ್ಲಿ ರೇಣುಕಾ ಎಂಬ ಹೆಣ್ಣುಮಗಳನ್ನು ಇರಿಸಿದ್ದರು. ರೇಣುಕಾಳಿಗೆ ಈಗಾಗಲೇ ಎರಡು ಹೆಣ್ಣು. ಮೂರನೆಯದೂ ಹೆಣ್ಣೇ ಎಂದು ಎಲ್ಲೋ ಕದ್ದುಮುಚ್ಚಿ ನೋಡಿಸಿದ್ದ ಅತ್ತೆ, ಅದನ್ನು ತೆಗೆಸಲು ದಿನ ಗೊತ್ತುಮಾಡಿದ್ದಳು. ರೇಣುಕಾ ಮಕ್ಕಳನ್ನು ತವರಿಗೆ ಬಿಟ್ಟು, ಉಟ್ಟ ಸೀರೆಯ ಮೇಲೆ ಎಸ್ತರಬಾಯಿಯವರ ಹತ್ತಿರ ಓಡಿ ಬಂದಿದ್ದಳು.

"ಇನ್ನೆರಡು ತಿಂಗಳ ಆಕಿ ಎಲ್ಲಿ ಅದಾಳ ಅಂತ ಯಾರಿಗೂ ಗೊತ್ತಾಗಬಾರದು. ಆಮ್ಯಾಲ ಯಾವ ಡಾಕ್ಟರೂ ಕೈ ಹಚ್ಚೂದಿಲ್ಲ. ನೀವು ವಾರದಾಗ ಎರಡು ಸಲ ಈ ಚೀಲ ಮುಟ್ಟಿಸಿ ಬರ್ರಿ. ಹಾದ್ಯಾಗ ನಿಂದರಬ್ಯಾಡ್ರಿ. ಯಾರ ಜೋಡಿನೂ ಮಾತಾಡಬ್ಯಾಡ್ರಿ. ಅಷ್ಟ."

ಅಷ್ಟೇ! ಇಷ್ಟು ಘನವಾದ ಸೇವೆಗೆ ಇಷ್ಟು ಸಣ್ಣ ಕೆಲಸವೆ? ನನ್ನ ಒಳಗಿನ ಕಲಾವಿದನಿಗೆ ಬೇಜಾರಾಯಿತು.

ಮನೆಗೆ ಬಂದವನೇ ಪ್ಲೈವುಡ್ಡಿನ ತುಂಡೊಂದನ್ನು ಹುಡುಕಿ ಫಲಕ ಬರೆಯಲು ಕುಳಿತೆ. 'ಹುಟ್ಟುವ ಜೀವ ದೇವರು ಕೊಟ್ಟದ್ದು, ಉಳಿಸಿರಿ' ಎಂದು ಕೆಂಪು ಅಕ್ಷರ. ಕೆಳಗೆ ಒಂದು ಮುದ್ದಾದ ಕೂಸು. ಹುಬ್ಬಿನ ಬಣ್ಣ ಹಸಿ ಇರುವಾಗಲೇ ನನ್ನ ತೋಳು ತಾಗಿ ಮೂಗಿನ ಕೆಳಗೂ ಕಪ್ಪು ಹತ್ತಿತು. ಒರೆಸಿದಷ್ಟೂ ಹರಡಿತು.

ಶಾಂತಾ ನೋಡಿ ಕೇಳಿದಳು. "ಇದ್ಯಾರ್ರಿ, ಫೌಜದಾರ?"

"ಕೂಸು!"

"ಹೌದಾ? ನೋಡಿದರ ಹೆದರಿಕಿ ಬರತೈತಿ. ಬಾಯಾರಿಗೆ ಕೇಳೀರೇನು, ಇದನ್ನ ಕಟ್ಟಿಕೊಂಡು ಅಡ್ಡಾಡ್ಲ್ಯಾ ಅಂತ?"

ಕೇಳಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಅಪ್ಪಣೆ ಯಾಕೆ ಎಂದು ಗಂಭೀರವಾಗಿ ಉತ್ತರಿಸಿ, ಫಲಕವನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ನೆಟ್ಟಗೆ ನಿಲ್ಲಿಸಿ ಕಟ್ಟಿದೆ.

ಮೊದಲ ದಿನ ಉಣಕಲ್ ಕೆರೆಯ ಹತ್ತಿರ ಗಾಳಿ ಬೀಸಿತು. ಫಲಕ ಹಾಯಿಯಂತೆ ಉಬ್ಬಿ ನನ್ನನ್ನೂ ಸೈಕಲ್ಲನ್ನೂ ಎತ್ತಿ ಜಾಲಿಕಂಟಿಯಲ್ಲಿ ಒಗೆಯಿತು. ಚೀಲದಲ್ಲಿದ್ದ ಹಾಲು ಚೆಲ್ಲಿತು. ತತ್ತಿ ಒಡೆದವು. ಪ್ಯಾಂಟು ಹೇಳಬಾರದ ಕಡೆ ಹರಿಯಿತು. ಅದೇ ವೇಷದಲ್ಲಿ ರೂತವ್ವನ ಮನೆ ಮುಟ್ಟಿದೆ.

ಬಾಗಿಲು ತೆಗೆದವಳು ರೇಣುಕಾ. ಇಪ್ಪತ್ತೈದರ ಒಳಗಿನ ವಯಸ್ಸು, ಅತ್ತು ಅತ್ತು ಬಾತಿದ್ದ ಕಣ್ಣು. ನನ್ನನ್ನು ನೋಡಿದಳು, ಫಲಕವನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ನಗು ತಡೆಯಲಾಗಲಿಲ್ಲ.

"ಮಾಸ್ತರ, ಈ ಕೂಸಿಗೆ ಮೀಸಿ ಬಂದಾವಲ್ರಿ!"

ಒಳಗಿನಿಂದ ರೂತವ್ವ ಕೂಗಿದಳು. "ನಗಲಿ ಬಿಡಪಾ. ಬಂದಾಗಿಂದ ಇವತ್ತ ನಕ್ಕಾಳ."

ಆ ಮಾತು ನನ್ನ ತಲೆಗೆ ಏರಿತು. ಒಡೆದ ತತ್ತಿಯನ್ನು ಮರೆತು, ನನ್ನಿಂದ ಒಂದು ಜೀವ ನಕ್ಕಿತು ಎಂದು ಬೀಗಿದೆ. ಹೊರಡುವಾಗ ರೇಣುಕಾ ಮೆಲ್ಲಗೆ ಹೇಳಿದಳು. "ಮಾಸ್ತರ, ಬೈಬ್ಯಾಡ್ರಿ. ಈ ಹಲಗಿ ಇಲ್ಲಿಗೆ ತರಬ್ಯಾಡ್ರಿ. ಯಾರರೆ ನೋಡಿದರ..." ಆಯಿತು ಎಂದೆ. ಮುಂದಿನ ಸಲದಿಂದ ಅವಳ ಓಣಿ ಬಂದಾಗ ಫಲಕದ ಮೇಲೆ ಟವೆಲ್ ಹೊದಿಸಿದೆ. ಇಂಥ ಮುಂಜಾಗ್ರತೆ!

ಮೂರನೆಯ ವಾರದ ಹೊತ್ತಿಗೆ ಉಣಕಲ್ಲಿನ ಒಂದು ಚಹಾದಂಗಡಿ ನನ್ನ ಭಾಷಣದ ಠಾಣೆಯಾಗಿತ್ತು. 'ನಿಂದರಬ್ಯಾಡ್ರಿ' ಎಂದಿದ್ದರು, ನಿಜ. ಆದರೆ ನಾನು ನಿಲ್ಲುತ್ತಿರಲಿಲ್ಲ, ಬೆಂಚಿನ ಮೇಲೆ ಕೂಡುತ್ತಿದ್ದೆ. ಫಲಕ ನೋಡಿ ಜನ ಬರುತ್ತಿದ್ದರು. ಒಬ್ಬ, ಇದು ಯಾವ ಕಂಪನಿಯ ಹಾಲಿನ ಪುಡಿ ಎಂದು ಕೇಳಿದ. ಇನ್ನೊಬ್ಬ, ಮಕ್ಕಳಾಗಲು ಔಷಧ ಕೊಡುತ್ತೀರಾ ಎಂದು ಕೇಳಿದ. ನಾನು ಎಲ್ಲರಿಗೂ ಗರ್ಭದ ಜೀವದ ಬಗ್ಗೆ, ಸೃಷ್ಟಿಕರ್ತನ ಬಗ್ಗೆ, ನಡುವೆ ಸೈಕಲ್ ಸವಾರಿಯ ಲಾಭಗಳ ಬಗ್ಗೆ ಹೇಳುತ್ತಿದ್ದೆ. ಅರ್ಧಕ್ಕೆ ಎದ್ದು ಹೋಗುತ್ತಿದ್ದರು.

ಒಂದು ರವಿವಾರ ಒಬ್ಬ ಎದ್ದು ಹೋಗಲಿಲ್ಲ.

ಸಣಕಲು ಮನುಷ್ಯ. ಕಾರ್ಖಾನೆಯ ನೀಲಿ ಅಂಗಿ. ಧಾರವಾಡದ ಆಚೆ, ಬೇಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಎಂದ. ಪಕ್ಕದಲ್ಲಿ ಬಾಡಿಗೆ ಸೈಕಲ್ಲು ಇತ್ತು, ಮಡ್‌ಗಾರ್ಡಿನ ಮೇಲೆ ಅಂಗಡಿಯ ನಂಬರು ಬರೆದದ್ದು. ನನ್ನ ಭಾಷಣವನ್ನು ಮೊದಲಿನಿಂದ ಕೊನೆಯ ತನಕ ತಲೆ ತಗ್ಗಿಸಿ ಕೇಳಿದ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಅಂಥ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ.

"ಇಂಥ ಹೆಣ್ಣುಮಕ್ಕಳನ್ನ ಎಲ್ಲಿ ಇಟ್ಟಿರತೀರ್ರಿ ಸರ?" ಎಂದು ಕೇಳಿದ.

"ಅದು ಗುಟ್ಟು!" ಎಂದೆ.

ಗುಟ್ಟು ಎಂದ ಮೇಲೆ ಧ್ವನಿ ತಗ್ಗಿಸಬೇಕಲ್ಲವೆ? ತಗ್ಗಿಸಿದೆ. ತಗ್ಗಿಸಿದ ಧ್ವನಿಯಲ್ಲಿ ಎಲ್ಲವನ್ನೂ ಹೇಳಿದೆ! ಹೆಸರೊಂದನ್ನು ಬಿಟ್ಟು. ಎರಡು ಹೆಣ್ಣು ಇರುವ ತಾಯಿ, ಅತ್ತೆಯ ಜುಲುಮೆ, ಅಮರಗೋಳದ ಮುದುಕಿಯ ಮನೆ.

ಅವನು ಕಪ್ಪನ್ನು ಬೆಂಚಿನ ಮೇಲಿಟ್ಟ. ಆಮೇಲೆ ಕೇಳಿದ. "ಆಕಿ ಆರಾಮ ಅದಾಳೇನ್ರಿ? ಊಟ ಮಾಡತಾಳೇನ್ರಿ?"

"ಮೊದಲ ಬರೇ ಅಳತಿದ್ದಳು. ಈಗ ನಗತಾಳ. ನನ್ನ ದೆಸೆಯಿಂದ!"

ಅವನು ಚಹಾದ ಕಪ್ಪನ್ನೇ ನೋಡುತ್ತ ಕುಳಿತ. ಎಂಥ ಕರುಣೆ ಎಂದುಕೊಂಡೆ. ನನ್ನ ಮಾತಿನಿಂದ ಒಬ್ಬನ ಮನಸ್ಸಾದರೂ ಕರಗಿತಲ್ಲ!

"ನಾನೂ ಬರ್ಲ್ಯಾ ಸರ, ನಿಮ್ಮ ಜೋಡಿ?"

ನನ್ನ ಮೊದಲ ಸ್ವಯಂಸೇವಕ! ಎದೆ ತುಂಬಿ ಬಂತು. "ಬಾರಪಾ!" ಎಂದು ಸೈಕಲ್ ಏರಿದೆ. ನನ್ನ ಸವಾರಿಯ ಗತ್ತು ಅವನಿಗೂ ಗೊತ್ತಾಗಲಿ ಎಂದು ಜೋರಾಗಿ ತುಳಿದೆ. ಪಾಪ, ಅವನ ಬಾಡಿಗೆ ಸೈಕಲ್ಲು ಹಿಂದೆ ಬಿತ್ತು. ನಾನು ಒಳ್ಳೆಯವನು, ಮೂರು ಸಲ ನಿಂತು ಕಾದೆ. ಒಮ್ಮೆ ಅವನ ಚೈನು ಕಳಚಿತು. ಅವನು ಇಳಿದು ಸುಮ್ಮನೆ ರಸ್ತೆಯ ಬದಿಗೆ ನಿಂತುಬಿಟ್ಟ, ಮುಂದೆ ಬರುವ ಉತ್ಸಾಹವೇ ಇಲ್ಲದವನ ಹಾಗೆ. ನಾನು ವಾಪಸು ಬಂದು, ಅಂಗಿಯ ತೋಳು ಮಡಚಿ, ಕೈಗೆ ಗ್ರೀಸ್ ಹಚ್ಚಿಕೊಂಡು ಚೈನು ಹಾಕಿಕೊಟ್ಟೆ. "ಸೇವಾ ಅಂದ್ರ ಇಷ್ಟಕ್ಕ ಹಿಂಜರೀಬಾರದಪಾ" ಎಂದು ಬುದ್ಧಿಯನ್ನೂ ಹೇಳಿದೆ.

ಓಣಿ ಬಂತು. ಫಲಕಕ್ಕೆ ಟವೆಲ್ ಹೊದಿಸಿದೆ. ಬಾಗಿಲು ಬಡಿದೆ.

"ಬರ್ರಿ ಮಾಸ್ತರ" ಎನ್ನುತ್ತ ರೇಣುಕಾ ಬಾಗಿಲು ತೆಗೆದಳು. ಮುಖದ ಮೇಲೆ ನಗು ಇತ್ತು. ನನ್ನ ಹೆಗಲಿನ ಹಿಂದೆ ನೋಡಿದಳು. ನಗು ಹೋಯಿತು.

"ಬಾ, ಮನಿಗೆ ಹೋಗೂಣು" ಎಂದ ನನ್ನ ಸ್ವಯಂಸೇವಕ.

ಅವನ ಹೆಸರು ಮಲ್ಲಪ್ಪ. ಅವಳ ಗಂಡ. ಮೂರು ವಾರದಿಂದ ರಜೆಯ ದಿನಗಳಲ್ಲಿ ಹುಬ್ಬಳ್ಳಿಗೆ ಬಂದು, ಬಾಡಿಗೆ ಸೈಕಲ್ ಹಿಡಿದು ಅವಳನ್ನು ಹುಡುಕುತ್ತಿದ್ದ. ಅವನ ಅವ್ವ ಹುಡುಕಲು ಕಳಿಸುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು ಗ್ರೀಸ್ ಹತ್ತಿದ ಕೈಯಲ್ಲಿ ಹಾಲಿನ ಚೀಲ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.

ರೂತವ್ವ ಅಡ್ಡ ಬಂದಳು. "ನೀ ಯಾರಪಾ? ಹೊರಗ ನಡಿ" ಎಂದು ಕೂಗಿದಳು. ಅವನು ಕೂಗಾಡಲಿಲ್ಲ, ಕೈ ಮಾಡಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ನೀ ಬರದಿದ್ದರ ಅವ್ವ ನಿನ್ನ ತವರಿಗೆ ಹೋಗಿ ಹುಡುಗೂರನ್ನ ಎಳಕೊಂಡ ಬರತಾಳ" ಎಂದ. ರೇಣುಕಾ ಅಷ್ಟು ಕೇಳಿ ಒಳಗೆ ಹೋಗಿ, ಇಲ್ಲಿ ಕೊಟ್ಟಿದ್ದ ಸೀರೆ ಮಡಚಿ ತಂದಳು. ದಾಟಿ ಹೋಗುವಾಗ ನನ್ನ ಕಡೆ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಾಲ ರೂತವ್ವಗ ಕೊಡ್ರಿ ಮಾಸ್ತರ" ಎಂದಳು.

ಎಸ್ತರಬಾಯಿಯವರಿಗೆ ಹೋಗಿ ಹೇಳಿದೆ. ಫಲಕವನ್ನೂ ತೋರಿಸಿದೆ. ಅವರು ಬಹಳ ಹೊತ್ತು ಅದರ ಮೇಲಿನ ಅಕ್ಷರ ಓದುತ್ತ ಕುಳಿತರು.

"ನೀವು ಹೇಳಿದ್ದರಾಗ ಏನೂ ತಪ್ಪಿಲ್ಲ ಮಾಸ್ತರ. ನಾ ಕೇಳಿದ್ದು ಚೀಲ ಮುಟ್ಟಸ್ರಿ ಅಂತ" ಎಂದರು.

ಮರುದಿನದಿಂದ ಅವರು ಆ ನೋಯುವ ಕಾಲಿನಲ್ಲೇ ಬಸ್ಸು ಹತ್ತಿ ಮಲ್ಲಪ್ಪನ ಊರಿಗೆ ಹೋದರು. ನಾಲ್ಕು ಸಲ ಹೋದರು. ನಾಲ್ಕೂ ಸಲ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಐದನೆಯ ಸಲ ಹೋದಾಗ ಬಾಗಿಲು ತೆರೆದಿತ್ತು. ರೇಣುಕಾ ಬರಿದಾದ ಹೊಟ್ಟೆಯ ಮೇಲೆ ಕೈ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಚ್ಚಿಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

ಅವರ ಬಾಯಿಂದ ಅದನ್ನು ಕೇಳಿ ನಾನು ಮನೆಗೆ ಬಂದು ಫಲಕ ಒಡೆದು ಒಲೆಗೆ ಹಾಕಿದೆ. ಬಣ್ಣದ ಹೊಗೆಗೆ ಶಾಂತಾ ಕೆಮ್ಮಿದಳು. ಕಿಟಕಿ ತೆಗೆದು ಬಂದು ನನ್ನ ಪಕ್ಕದಲ್ಲಿ ಕುಳಿತಳು.

ಮುಂದೆ ಏಳೆಂಟು ತಿಂಗಳಿಗೆ ಮಲ್ಲಪ್ಪ ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ. ತಪ್ಪಿಸಿಕೊಳ್ಳಲು ನೋಡಿದೆ. ಅವನೇ ಬಂದು ಮಾತಾಡಿಸಿದ.

"ರೇಣುಕಾ ಹೆಂಗದಾಳಪಾ?" ಎಂದೆ.

"ಅದಾಳ್ರಿ. ನನ್ನ ಜೋಡಿ ಮಾತಾಡೂದಿಲ್ಲ." ಬಸ್ಸಿನ ದಾರಿ ನೋಡುತ್ತ ಹೇಳಿದ. "ಸರ, ಆಕಿನ್ನ ಹುಡುಕಾಕ ಅವತ್ತ ಕಡೀ ಆಯಿತವಾರ ಆಗಿತ್ತ್ರಿ. ಸಿಗಲಿಲ್ಲ ಅಂತ ಅವ್ವಗ ಹೇಳಿ ಬಿಟ್ಟುಬಿಡಾಂವ ಇದ್ದೆ. ಚಹಾ ಕುಡದು ಊರಿಗೆ ಹೋಗಾಂವ. ಅಷ್ಟರಾಗ ನೀವು ಬಂದು ಕುಂತ್ರಿ."

ಅವನ ಬಸ್ಸು ಬಂತು. ಹತ್ತಿ ಹೋದ.

ಎಸ್ತರಬಾಯಿ ನನ್ನನ್ನು ಪೂರ್ತಿಯಾಗಿ ಓಡಿಸಲಿಲ್ಲ. ಒಂದು ವರ್ಷ ಚರ್ಚಿನ ಹಿಂದಿನ ಕೋಣೆಯಲ್ಲಿ ಬಾಟಲಿ ಕುದಿಸುವ, ಹಳೇ ಧೋತರ ಹರಿದು ಕೂಸಿನ ಬಟ್ಟೆ ಮಾಡುವ ಕೆಲಸ ಕೊಟ್ಟರು. ಅಲ್ಲಿ ಮಾತಾಡಲು ಬಾಟಲಿಗಳು ಮಾತ್ರ ಇದ್ದವು. ಆಮೇಲೆ ಒಂದು ದಿನ, ಅವರ ಮೊಣಕಾಲು ಪೂರಾ ಕೈಕೊಟ್ಟ ಮೇಲೆ, ಮತ್ತೆ ನನ್ನ ಕೈಗೆ ಚೀಲ ಕೊಟ್ಟರು. ಈ ಸಲ 'ನಿಂದರಬ್ಯಾಡ್ರಿ' ಎಂದು ಹೇಳುವ ಅಗತ್ಯ ಇರಲಿಲ್ಲ.

ಈಗಲೂ ಹೋಗುತ್ತೇನೆ. ಎಲ್ಲಿಗೆ ಎಂದು ನಿಮಗೂ ಹೇಳುವುದಿಲ್ಲ. ದಾರಿಯಲ್ಲಿ ಗುರುತಿನವರು ಯಾರಾದರೂ "ಎಲ್ಲಿಗೆ ಹೊಂಟೀರಿ ಮಾಸ್ತರ?" ಎಂದರೆ ಕೊಡಲು ಒಂದು ಸುಳ್ಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ: "ಪಂಕ್ಚರ್ ತಗಸಾಕ ಹೊಂಟೇನ್ರಿ."

ಮೊನ್ನೆ ಪಕ್ಕದ ಮನೆಯವರು ಕೇಳಿದರು, ಹೇಳಿದೆ. ಅವರು ನನ್ನ ಸೈಕಲ್ಲಿನ ಎರಡೂ ಗಾಲಿಗಳನ್ನು ನೋಡಿದರು, ಆಮೇಲೆ ಸೀಟಿನ ಮೇಲೆ ಕೂತಿದ್ದ ನನ್ನನ್ನು ನೋಡಿದರು.

"ಪಂಕ್ಚರ್ ಆದ ಸೈಕಲ್ಲನ್ನ ಹತ್ತಿಕೊಂಡು ಹೊಂಟೀರೇನ್ರಿ ಮಾಸ್ತರ?"

ಇಳಿದು ನೂಕಿಕೊಂಡು ಹೋದೆ. ಇಷ್ಟು ವರ್ಷ ಅಭ್ಯಾಸ ಮಾಡಿದರೂ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಂದಿಲ್ಲ. ಹೇಳಬಾರದಿದ್ದ ನಿಜವನ್ನು ಮಾತ್ರ ಒಂದೂ ತಪ್ಪಿಲ್ಲದೆ, ಮೊದಲ ಸಲಕ್ಕೇ ಹೇಳಿದ್ದೆ!