ಅವ್ವಿಯ ಮಳೆಗಾಲ ನೆಲಕ್ಕೆ ಬಿದ್ದದ್ದು

ನಾನು ಬಿ.ಕಾಂ. ಓದಿದವನು. ಹಾಗಾಗಿ ಒಂದು ಜಡೆ ಈರುಳ್ಳಿ ಇಳಿಸುವುದು ನನಗೇನು ಮಹಾ ಕೆಲಸ ಎಂದುಕೊಂಡಿದ್ದೆ.

ನಮ್ಮೂರು ಕಾಗಾಲದ ಮನೆಯ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಅಡ್ಡ ಕಟ್ಟಿದ ಬಿದಿರಿನ ಗಳವೊಂದಿದೆ. ಅವ್ವಿ, ಅಂದರೆ ನನ್ನ ತಾಯಿ, ಬೇಸಿಗೆಯಲ್ಲಿ ತಾನೇ ಬೆಳೆದ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ಅದಕ್ಕೆ ತೂಗುಹಾಕುತ್ತಾಳೆ. ಮಳೆಗಾಲದಲ್ಲಿ ದರ ಏರಿದಾಗ ಒಂದೊಂದೇ ಜಡೆ ಇಳಿಸಿ ಮಾರುತ್ತಾಳೆ. ಅವಳ ಗುಳಿಗೆ, ಎಲೆಯಡಿಕೆಯ ಕವಳ, ಮದುವೆಮನೆಯ ಮುಯ್ಯಿ ಎಲ್ಲ ಅದರಿಂದಲೇ. ನಾನು ತಿಂಗಳು ತಿಂಗಳು ಕೊಡುವ ಹಣವನ್ನು "ಆತು" ಎಂದು ತೆಗೆದುಕೊಳ್ಳುತ್ತಾಳೆ. ಖರ್ಚು ಮಾಡಿದ್ದನ್ನು ಮಾತ್ರ ಕಂಡಿಲ್ಲ.

ಎಪ್ಪತ್ತೆರಡರ ಅವ್ವಿ ಏಣಿ ಹತ್ತುವುದು ಅಪಾಯಕಾರಿ ಎಂದು ಮೊನ್ನೆ ಅಧಿಕೃತವಾಗಿ ಘೋಷಿಸಿದೆ.

"ನೀ ಏಣಿ ಹಿಡ್ಕ. ನಾನೇ ಹತ್ತತೆ."

"ಬ್ಯಾಡ ಮಾರಾಯಾ. ನೀ ಏಣಿ ಹತ್ತಿದ್ದು ನಾ ಕಂಡೇ ಇಲ್ಲ."

"ಹತ್ಲಿ ಬಿಡಿ ಅತ್ತೆ," ಎಂದಳು ನನ್ನ ಹೆಂಡತಿ. "ಅವ್ರಿಗೆ ಡಿಗ್ರಿ ಅದೆ!"

ಐದು ಮೆಟ್ಟಿಲು ಘನತೆಯಿಂದಲೇ ಹತ್ತಿದೆ. ಆರನೆಯದರಲ್ಲಿ ಕಾಲು ಜಾರಿತು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಗಳ!

ಗಳ, ಈರುಳ್ಳಿ, ನಾನು, ಇದೇ ಕ್ರಮದಲ್ಲಿ ಕೆಳಗೆ ಬಂದೆವು. ಗಳ ಅವ್ವಿಯ ಕಿವಿಯ ಪಕ್ಕದಲ್ಲೇ ಹಾದು, ಅವಳ ಪಾದದಿಂದ ಒಂದು ಗೇಣು ದೂರದಲ್ಲಿ ನೆಲಕ್ಕೆ ಬಡಿಯಿತು. ಕಣ್ಣು ಮುಚ್ಚಿದರೆ ಈಗಲೂ ಆ ಒಂದು ಗೇಣು ಕಾಣುತ್ತದೆ. ಒಮ್ಮೊಮ್ಮೆ ಅದು ಅರ್ಧ ಗೇಣಾಗಿಬಿಡುತ್ತದೆ.

"ಅಯ್ಯೋ ಮಗಾ, ಎಂತ ಆತಾ?" ಅವ್ವಿ ಈರುಳ್ಳಿ ತುಳಿದುಕೊಂಡೇ ಓಡಿಬಂದಳು.

ನನ್ನ ಮಣಿಕಟ್ಟು ಬಾತಿತ್ತು. ಅದು ಹೇಗೋ ವಾಸಿಯಾದೀತು. ಆದರೆ ಜಜ್ಜಿಹೋದ ಈರುಳ್ಳಿ ವಾರವೂ ಉಳಿಯುವುದಿಲ್ಲ. ಅವ್ವಿಯ ಇಡೀ ಮಳೆಗಾಲ ನೆಲದ ಮೇಲೆ ಚೆಲ್ಲಿತ್ತು. ಇನ್ನು ಕವಳಕ್ಕೂ ಅವಳು ಮಗನೆದುರು ಕೈ ಚಾಚಬೇಕು.

"ಇನ್ಮೇಲೆ ಎಲ್ಲ ಖರ್ಚಿಗೂ ನಾನೇ ಕೊಡ್ತೆ ಅವ್ವಿ," ಎಂದು ನರಳುತ್ತಲೇ ಆಶ್ವಾಸನೆ ಕೊಟ್ಟೆ.

ಅವ್ವಿ ಒಳಗಿಂದ ಬಿಸ್ಕೀಟು ಡಬ್ಬ ತಂದು ಮುಚ್ಚಳ ತೆಗೆದಳು. ನಾನು ಕೊಟ್ಟ ನೋಟುಗಳೆಲ್ಲ ಅದರಲ್ಲಿದ್ದವು!

"ಡಾಕ್ಟರಿಗೆ ಇದ್ರಲ್ಲೇ ಕೊಡು. ನೀ ಮುದುಕ ಆದಾಗ ಬೇಕು ಅಂತ ಇಟ್ಟಿದ್ದೆ. ಸ್ವಲ್ಪ ಬೇಗ ಬಂತು."

ಸಂಜೆ ಅವಳು ಪೆಟ್ಟಾಗದ ನಾಲ್ಕು ಜಡೆ ಆರಿಸಿದಳು. "ಈ ವರ್ಷ ಕವಳ ಕಮ್ಮಿ ಮಾಡ್ತೆ, ಆತಪ್ಪ," ಎನ್ನುತ್ತ ಏಣಿ ಹತ್ತಿ, ಗಳವನ್ನು ಮತ್ತೆ ಕಟ್ಟಿ, ಅವನ್ನು ತೂಗುಹಾಕಿದಳು. ಒಮ್ಮೆಯೂ ಜಾರಲಿಲ್ಲ.

ಕೆಳಗೆ ಏಣಿ ಹಿಡಿದು ನಿಂತವನು ಬಿ.ಕಾಂ. ಪದವೀಧರ. ಒಂದೇ ಕೈಯಲ್ಲಿ!