ಗೊಂಬೆ ನೋಡಲು ಆ್ಯಪ್ ಕರೆದದ್ದು

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ನನ್ನ ಹೆಂಡತಿ ವನಜಳ ಕೆಲಸ. ಅಟ್ಟದಿಂದ ಟ್ರಂಕು ಇಳಿಸುವುದು ನನ್ನ ಕೆಲಸ. ಈ ವ್ಯವಸ್ಥೆ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಹೋದ ವರ್ಷ ನಾನು ಸುಧಾರಣೆಗೆ ಕೈಹಾಕಿದೆ.

ಗೊಂಬೆ ಕೂರಿಸಿದ ಮೇಲೆ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯಬೇಕು. ಕರೆಯುವುದೆಂದರೆ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಹಣೆಗಿಟ್ಟು, "ಖಂಡಿತ ಬರಬೇಕು" ಎನ್ನುವುದು. ಬನಶಂಕರಿಯಿಂದ ವಿಲ್ಸನ್ ಗಾರ್ಡನ್‌ವರೆಗೆ ಆ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸುವವನು ನಾನು. ಪ್ರತಿ ಮನೆಯ ಗೇಟಿನ ಹೊರಗೆ ಹೆಲ್ಮೆಟ್ ಹಿಡಿದು ನಿಲ್ಲುವವನೂ ನಾನೇ.

"ಈ ಸಲ ಎಲ್ಲೂ ಹೋಗೋದು ಬೇಡ. ನಾನೊಂದು ಆ್ಯಪ್ ಮಾಡ್ತೀನಿ," ಎಂದೆ.

"ನೀವು ಆಫೀಸಲ್ಲಿ ಬರೀ ಮೀಟಿಂಗ್ ಅಲ್ವೇನ್ರೀ ಮಾಡೋದು?"

ಮಾತು ನಿಜ. ನಾನು ಮ್ಯಾನೇಜರ್ ಆಗಿ, ಕೋಡ್ ಬರೆಯುವುದನ್ನು ಬಿಟ್ಟು, ಬರೆಯುವವರನ್ನು ತರಾಟೆಗೆ ತೆಗೆದುಕೊಳ್ಳುವುದರಲ್ಲಿ ಪರಿಣತನಾಗಿ ಬಹಳ ಕಾಲವಾಗಿತ್ತು.

"ಎಲ್ಲಾ ನಾನೇ ಬರೀಬೇಕಿಲ್ಲ. ಲೈಬ್ರರಿ ಅಂತ ಸಿಗುತ್ತೆ. ಬೇರೆ ಯಾರೋ ಬರೆದಿಟ್ಟಿರೋ ಕೋಡು. ಅದನ್ನ ತಂದು ನಮ್ಮ ಆ್ಯಪ್‌ಗೆ ಸೇರಿಸಿದ್ರೆ ಸಾಕು, ಎಲ್ಲರ ಸೋಷಿಯಲ್ ಮೀಡಿಯಾಗೂ ತಾನೇ ಆಹ್ವಾನ ಹಾಕುತ್ತೆ."

"ಅಂಗಡಿ ಪುಳಿಯೋಗರೆ ಗೊಜ್ಜಿನ ಥರ."

"ಹಾಗೇ ಅಂದ್ಕೋ."

"ಅದರಲ್ಲಿ ಏನೇನು ಹಾಕಿರ್ತಾರೋ," ಎಂದಳು. ಆಮೇಲೆ ಒಂದೇ ಒಂದು ಷರತ್ತು ಹಾಕಿದಳು. "ಪದ್ಮತ್ತೆಗೆ ಮಾತ್ರ ತಪ್ಪಬಾರದು."

ಪದ್ಮತ್ತೆ ನನ್ನ ಸೋದರತ್ತೆ. ಇರುವುದು ಜಯನಗರದಲ್ಲಿ. ಅಪ್ಪ ಹೋದ ಮೇಲೆ ನಮಗೆ ಹಿರಿಯರೆಂದು ಉಳಿದಿರುವವರು ಅವರೊಬ್ಬರೇ. ನಮ್ಮ ಗೃಹಪ್ರವೇಶಕ್ಕೆ ನಾನು ಅವರನ್ನು ಫೋನಿನಲ್ಲಿ ಕರೆದಿದ್ದೆ. ಅಂದು ಮುನಿದವರು ನಮ್ಮ ಹೊಸಿಲು ತುಳಿದಿರಲಿಲ್ಲ. ಈ ಸಲವಾದರೂ ಬರಲೆಂದು ವನಜ ಅವರಿಗಾಗಿ ಒಂದು ಸೀರೆಯನ್ನೂ ತಂದಿಟ್ಟಿದ್ದಳು.

"ಅತ್ತೆಗೂ ಅಕೌಂಟ್ ಇದೆ, ಮೊಮ್ಮಗಳು ಮಾಡಿಕೊಟ್ಟಿದ್ದಾಳೆ," ಎಂದು ಅಭಯ ಕೊಟ್ಟೆ.

ಲೈಬ್ರರಿಯ ಜೊತೆ ಉದ್ದನೆಯ ಸೂಚನೆಗಳು ಬಂದಿದ್ದವು. ಮ್ಯಾನೇಜರ್ ಆದವನು ಉದ್ದನೆಯದ್ದನ್ನು ಓದುವುದಿಲ್ಲ. ಅದು ಯಾವ್ಯಾವುದಕ್ಕೋ ಅನುಮತಿ ಕೇಳುತ್ತಾ ಹೋಯಿತು. ನಾನು ಉದಾರವಾಗಿ ಎಲ್ಲದಕ್ಕೂ ಕೊಡುತ್ತಾ ಹೋದೆ. ಅದರಲ್ಲಿ ಒಂದು ಹೀಗಿತ್ತೆಂದು ಆಮೇಲೆ ತಿಳಿಯಿತು: ಆಹ್ವಾನ ನೋಡಿ ಯಾರು 'ಬರ್ತೀನಿ' ಎಂದು ಒತ್ತುತ್ತಾರೋ, ಅದೇ ಆಹ್ವಾನ ಅವರ ಹೆಸರಿನಲ್ಲಿ ಅವರ ಸ್ನೇಹಿತರೆಲ್ಲರಿಗೂ ಹೋಗತಕ್ಕದ್ದು. ಆ ಸ್ನೇಹಿತರು ಒತ್ತಿದರೆ ಅವರ ಸ್ನೇಹಿತರಿಗೆ.

ಶುಕ್ರವಾರ ಸಂಜೆ ಮೊದಲು ಅಕ್ಕಪಕ್ಕದವರು ಬಂದರು. ಆಮೇಲೆ ಗುರುತಿಲ್ಲದ ಇಬ್ಬರು ಬಂದರು. ವನಜಳ ಕಡೆಯವರೆಂದು ನಾನು ನಕ್ಕೆ. ನನ್ನ ಕಡೆಯವರೆಂದು ಅವಳೂ ನಕ್ಕಳು. ನಂತರ ಗೊಟ್ಟಿಗೆರೆಯಿಂದ ಒಂದು ಟೆಂಪೋ ಟ್ರಾವೆಲರ್ ಬಂತು. ಅದರ ಹಿಂದೆಯೇ ಬಿಟಿಎಂನ ಪಿ.ಜಿ.ಯಿಂದ ಹುಡುಗಿಯರ ಒಂದು ತಂಡ.

"ತಾವು ಯಾರ ಪೈಕಿ?" ಎಂದು ಕೇಳಿದೆ.

"ಎಲ್ಲಾರೂ ಬರ್ರಿ ಅಂತ ಹಾಕೀರಲ್ರೀ ಅಂಕಲ್, ಅದಕ್ಕ ಬಂದ್ವಿ," ಎಂದಳು ಹುಬ್ಬಳ್ಳಿ ಕಡೆಯ ಒಬ್ಬಳು.

ಅರಿಶಿನ ಕುಂಕುಮಕ್ಕೆ ಬಂದ ಹೆಣ್ಣುಮಗಳನ್ನು, ಗುರುತಿರಲಿ ಬಿಡಲಿ, ತಾಂಬೂಲ ಕೊಡದೆ ಕಳಿಸುವಂತಿಲ್ಲ. ಮೊದಲು ರವಿಕೆ ಕಣ ಮುಗಿಯಿತು. ಆಮೇಲೆ ತೆಂಗಿನಕಾಯಿ. ಕಡಲೆ ಉಸ್ಲಿಗೆ ವನಜ ಕಾಯಿತುರಿ ಸೇರಿಸಿ ಸೇರಿಸಿ, ಕೊನೆಗೆ ಕಾಯಿತುರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡಲೆ ಕಾಣುತ್ತಿತ್ತು. ವೀಳ್ಯದೆಲೆಗೆ ನನ್ನನ್ನು ಅಂಗಡಿಗೆ ಅಟ್ಟಿದಳು. ಮತ್ತೆ ಅಟ್ಟಿದಳು.

"ಏನ್ ಸಾರ್, ಮನೇಲಿ ಮದುವೇನಾ?" ಎಂದ ಅಂಗಡಿಯವನು.

"ಆ್ಯಪು," ಎಂದೆ.

ಬೆಲ್ ಆದಾಗಲೆಲ್ಲ ವನಜ ಕತ್ತು ಚಾಚಿ ಬಾಗಿಲ ಕಡೆ ನೋಡುತ್ತಿದ್ದಳು. ಗೊಟ್ಟಿಗೆರೆಯವರ ಅತ್ತೆಯರೂ ನಾದಿನಿಯರೂ ಬಂದರು. ನಮ್ಮ ಅತ್ತೆ ಬರಲಿಲ್ಲ. ಕೊನೆಯವರು ಹೋದ ಮೇಲೆ ಅವಳು ಆ ಸೀರೆಯನ್ನು ತಟ್ಟೆಯಿಂದೆತ್ತಿ ಬೀರುವಿನಲ್ಲಿಟ್ಟಳು.

"ಅತ್ತೆಗೆ ಕಳಿಸಿದ್ರಿ ತಾನೆ?"

"ಹೋಗಿದೆ ಅಂತ ತೋರಿಸ್ತಿದೆ ನೋಡು."

"ಹೋಗಿದೆ, ಸರಿ. ಅವರು ನೋಡಿದಾರಾ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನನಗೆ ಬಹಳ ಬೇಸರವಾಯಿತು.

ಹಬ್ಬವಿನ್ನೂ ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆಯೇ ಇಬ್ಬರೂ ಜಯನಗರಕ್ಕೆ ಹೋದೆವು. ಅತ್ತೆ ಬಾಗಿಲು ತೆಗೆದು, "ಬಾಮ್ಮ ವನಜಾ," ಎಂದರು. ನನ್ನನ್ನು ಬಾ ಎನ್ನಲಿಲ್ಲ. ನಾನಾಗಿಯೇ ಒಳಗೆ ಹೋದೆ.

"ನಮ್ಮ ಹೂವಿನವಳು ನಿನ್ನೆ ನಿಮ್ಮನೆಗೆ ಬಂದಿದ್ಲಂತೆ. ಮಗಳ ಫೋನಿಗೆ ಬಂದಿತ್ತಂತೆ. ಗೊಂಬೆ ಚೆನ್ನಾಗಿ ಕೂರಿಸಿದ್ದೀರಿ ಅಂದ್ಲು," ಎಂದರು ಅತ್ತೆ.

ನಾನು ಗಂಟಲು ಸರಿಮಾಡಿಕೊಂಡು, ಸದರಿ ಲೈಬ್ರರಿಯ ಸ್ವರೂಪ, ಅದರ ಅನುಮತಿಗಳು, ಅತ್ತೆಯವರ ಅಕೌಂಟಿನ ಸ್ಥಿತಿಗತಿ ಇವೆಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದೆ. ಆಫೀಸಿನಲ್ಲಾಗಿದ್ದರೆ ಯಾರಾದರೂ ತಲೆಯಾಡಿಸುತ್ತಿದ್ದರು.

ವನಜ ಅವರ ಹಣೆಗೆ ಕುಂಕುಮವಿಟ್ಟು, "ಸರಸ್ವತಿ ಪೂಜೆಗೆ ಬರಬೇಕು ಅತ್ತೆ," ಎಂದಳು.

ಅತ್ತೆ ನನ್ನತ್ತ ತಿರುಗಿದರು. "ಅವನು ಕರೀಲಿ."

"ಬನ್ನಿ ಅತ್ತೆ," ಎಂದೆ.

"ಬರ್ತೀನಿ ಕಣೋ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಫಿ ಮಾಡಲು ಒಳಗೆ ಹೋದರು.

ಇಷ್ಟು ವರ್ಷದ ನನ್ನ ವೃತ್ತಿಜೀವನದಲ್ಲಿ ಮೊದಲನೇ ಸಲಕ್ಕೇ ಸರಿಯಾಗಿ ಕೆಲಸ ಮಾಡಿದ್ದು ನಾನಾಡಿದ ಆ ಎರಡು ಪದ ಮಾತ್ರ.