ಹೂಂಗುಟ್ಟಿದ ಖಜಾಂಚಿ

ಎಲ್ಲ ಶುರುವಾದದ್ದು ಒಂದು ‘ಹೂಂ’ನಿಂದ.

ಕ್ಷೌರದ ಕಸುಬಿನಲ್ಲಿ ‘ಹೂಂ’ ಎನ್ನುವುದು ಕತ್ತರಿ, ಬಾಚಣಿಗೆಗಳಷ್ಟೇ ಮುಖ್ಯವಾದ ಸಲಕರಣೆ. ಕುರ್ಚಿಯಲ್ಲಿ ಕೂತವನು ಹುಲಿಯ ಜೊತೆ ಕುಸ್ತಿಯಾಡಿದೆ ಎಂದರೂ ಹೂಂ, ಹುಲಿಯೇ ಕಾಲಿಗೆ ಬಿತ್ತು ಎಂದರೂ ಹೂಂ. ಇನ್ನೊಬ್ಬನ ಗಂಟಲ ಮೇಲೆ ಕತ್ತಿಯಿಟ್ಟುಕೊಂಡು ವಾದ ಮಾಡಲಾದೀತೇ? ಈ ವಿದ್ಯೆಯಲ್ಲಿ ನಮ್ಮ ಕ್ಷೌರಿಕನನ್ನು ಮೀರಿಸುವವರು ಭೂಮಂಡಲದಲ್ಲೇ ಇರಲಿಲ್ಲ. ಚುನಾವಣೆಗೆ ನಿಂತಿದ್ದ ಸಾಹೇಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು, “ನನ್ನ ಪ್ರಚಾರಕ್ಕೊಬ್ಬ ಖಜಾಂಚಿ ಬೇಕಯ್ಯಾ. ನಿನ್ನ ಥರ ಸಾಮಾನ್ಯ ಮನುಷ್ಯ ಆದ್ರೆ ಜನ ನಂಬ್ತಾರೆ. ಆಗ್ತೀಯಾ?” ಎಂದು ಕೇಳಿದಾಗ ಅವನ ಗಮನವೆಲ್ಲ ಅವರ ಗಲ್ಲದ ಗುಳಿಯಲ್ಲಿ ಅಡಗಿ ಕೂತ ಒಂದು ಮೊಂಡು ಕೂದಲಿನ ಮೇಲಿತ್ತು.

“ಹೂಂ” ಎಂದ.

“ಕಾಗದ ಕಳಿಸ್ದಾಗ ಸೈನ್ ಹಾಕಿದ್ರಾಯ್ತು.”

“ಹೂಂ.”

ಕೂದಲು ಹೋಯಿತು. ಖಜಾಂಚಿಗಿರಿ ಬಂತು.

ತಿಂಗಳೆರಡು ಕಳೆದು ಒಂದು ಬೆಳಿಗ್ಗೆ, ಅವನು ನಿವೃತ್ತ ಪೋಸ್ಟ್ ಮಾಸ್ಟರರ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬ್ರಷ್ ಎತ್ತುವಷ್ಟರಲ್ಲಿ, ಅಂಗಡಿಯ ಮುಂದೆ ದೊಡ್ಡ ವ್ಯಾನೊಂದು ನಿಂತಿತು. ಹಣಕಾಸು ಅಪರಾಧ ತನಿಖೆಯವರು! ಆ ಪುಟ್ಟ ಅಂಗಡಿಯೊಳಗೆ ಅವರು ನುಗ್ಗಿದ ರಭಸಕ್ಕೆ ಗೋಡೆಗಳೇ ಆಚೀಚೆ ಸರಿದು ಜಾಗ ಕೊಟ್ಟವು.

“ಪ್ರಚಾರದ ಖಜಾಂಚಿ ನೀನೇನಾ? ನಡಿ. ಸಂಜೆಯೊಳಗೆ ನಿನ್ನ ಮೇಲಿನ ಅನುಮಾನ ಹೋಗದಿದ್ರೆ ಈ ಅಂಗಡಿಗೆ ಸೀಲು ಬೀಳತ್ತೆ.”

ಅಂಗಡಿ! ಅವನಿಗಿದ್ದದ್ದೇ ಅದೊಂದು. ಹೊಟ್ಟೆಯಿಂದೆದ್ದ ಸಿಟ್ಟು ನೆತ್ತಿಗೆ ಮುಟ್ಟುವಷ್ಟರಲ್ಲಿ ಪೋಸ್ಟ್ ಮಾಸ್ಟರರ ಸಿಟ್ಟು ಅದನ್ನು ಹಿಂದೆ ಹಾಕಿತು.

“ನನ್ನ ಇನ್ನೊಂದು ಕೆನ್ನೆ ಗತಿ ಏನೋ?”

“ಸಂಜೆ ಬನ್ನಿ ಸಾರ್.”

“ಸಂಜೆ ತನಕ ಈ ಮುಖ ಹೊತ್ಕೊಂಡು ಎಲ್ಲಿಗೆ ಹೋಗ್ಲಿ? ಮುಗಿಸೋ ತನಕ ನಾನು ನಿನ್ನ ಬಿಡೋದಿಲ್ಲ!”

ತನಿಖೆಯವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಪೊದೆ. “ವೇಷ ಬದಲಾಯಿಸ್ತಿದ್ದಾನೆ. ಅರ್ಧಕ್ಕೇ ಸಿಕ್ಕಿಬಿದ್ದ. ಇವನನ್ನೂ ಹತ್ತಿಸಿ.”

ಹೊರಗೆ ಇಡೀ ಬೀದಿಯೇ ಸೇರಿತ್ತು. “ನಂಗೆ ಮೊದಲೇ ಡೌಟಿತ್ತು. ಬರೀ ಕೂದಲು ಕತ್ತರಿಸಿ ಯಾರಾದ್ರೂ ಹೊಸ ಫ್ಯಾನ್ ಹಾಕಿಸ್ತಾರಾ?” ಎಂದ ಎದುರಿನ ಟೈಲರ್. ಹೆಂಡತಿ ಜನರನ್ನು ಸೀಳಿಕೊಂಡು ಬಂದಳು. “ರೀ, ನೀವು ಖಜಾಂಚಿ ಅಂತೆ! ಮನೇಲಿ ಗ್ಯಾಸ್ ಖಾಲಿಯಾಗಿ ವಾರ ಆಯ್ತು, ನೀವು ಊರಿನ ಖಜಾನೆ ಕಾಯ್ತಿದ್ದೀರಾ?”

ಅದಕ್ಕೂ ಅವನ ಬಾಯಿಂದ ಅಭ್ಯಾಸಬಲದಿಂದ ಬಂದದ್ದು “ಹೂಂ”. ಅವಳು ಎಸೆದ ಚಪ್ಪಲಿ ವ್ಯಾನಿನ ಬಾಗಿಲಿಗೆ ಬಡಿದು ಮಾಡಿದ ಸದ್ದು ಪಕ್ಕದ ಊರಿಗೂ ಕೇಳಿಸಿತು.

ಅವರ ಆರು ಮಹಡಿಯ ಕಚೇರಿಯಲ್ಲಿ ಕಾದಿದ್ದ ತನಿಖಾಧಿಕಾರಿ ಒಬ್ಬಾಕೆ. ಕನ್ನಡಕದ ಹಿಂದೆ ಕಣ್ಣು ಮಿಟುಕಿಸದ ಹೆಂಗಸು. ಮೇಜಿನ ಮೇಲೆ ಫೋಟೋಗಳನ್ನು ಇಸ್ಪೀಟಿನೆಲೆಯಂತೆ ಹರಡಿದಳು. ಎಲ್ಲದರಲ್ಲೂ ಅವನು ಮತ್ತು ಮೆತ್ತಗಣ್ಣ. ಈ ಮೆತ್ತಗಣ್ಣ ಬಲು ಮೆತ್ತಗೆ ಮಾತಾಡುತ್ತಿದ್ದ. ಅವನು ಮೆಲ್ಲಗೆ ಕೆಮ್ಮಿದರೆ ಬಂದರಿನಿಂದ ಬಸ್‌ಸ್ಟ್ಯಾಂಡಿನವರೆಗೆ ಅಂಗಡಿಗಳ ಶಟರ್ ಇಳಿಯುತ್ತಿದ್ದವು. ಅವನು ಭೂಗತ ದೊರೆಯೆಂದು ಎಲ್ಲರೂ ಹೇಳುತ್ತಿದ್ದರು, ಸಾಬೀತು ಮಾಡಿದವರಿಲ್ಲ.

“ಪ್ರತಿ ವಾರ ಭೇಟಿ. ಇಲ್ಲಿ ಅವನ ತಲೆ ಮೇಲೆ ನಿನ್ನ ಕೈ. ಇಲ್ಲಿ ನೀನು ಅವನ ಕಿವಿಯಲ್ಲಿ ಏನೋ ಹೇಳ್ತಿದ್ದೀಯ.”

“ಹೇಳ್ತಿಲ್ಲ ಮೇಡಂ, ಕಿವಿ ಕೂದಲು ತೆಗೀತಿದ್ದೀನಿ!”

“ಇಲ್ಲಿ ಅವನ ಕುತ್ತಿಗೆಗೆ ಕತ್ತಿ ಹಿಡಿದಿದ್ದೀಯ. ಅಂದ್ರೆ ಅವನಿಗೂ ಮೇಲಿನವನು ನೀನೇ.”

“ಅದು ಶೇವಿಂಗ್ ಮೇಡಂ!”

“ನನ್ನದೂ ಶೇವಿಂಗೇ, ಅದೂ ಅರ್ಧ!” ಬಾಗಿಲಾಚೆಯಿಂದ ಪೋಸ್ಟ್ ಮಾಸ್ಟರರು ಗುಡುಗಿದರು.

ಆಕೆ ಸಾಹೇಬರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. “ಖಜಾಂಚಿನಾ? ಲೆಕ್ಕಪತ್ರ ಎಲ್ಲ ಅವನದೇ ಮೇಡಂ. ಅವನ ಮುಖಾನೂ ನಾನು ಸರಿಯಾಗಿ ನೋಡಿಲ್ಲ” ಎಂದಿತು ಸಾಹೇಬರ ಜೇನಿನಂಥ ದನಿ.

“ಮುಖ ನೋಡಿಲ್ವಾ?” ಕ್ಷೌರಿಕ ಎದ್ದು ನಿಂತ. “ಹನ್ನೆರಡು ವರ್ಷದಿಂದ ನಿಮ್ಮ ಮೂಗಿನ ಹೊಳ್ಳೆಯೊಳಗೂ ಕತ್ತರಿ ಆಡಿಸಿದ್ದೀನಲ್ರೀ!” ಫೋನು ಕಟ್ಟಾಯಿತು.

“ಕೂಗಾಡ್ಬೇಡ. ನಿಮ್ಮ ತಂದೆ ಹೋದ ತಿಂಗಳು ಸಾಹೇಬರ ಪ್ರಚಾರಕ್ಕೆ ಎರಡು ಲಕ್ಷ ದೇಣಿಗೆ ಕೊಟ್ಟಿದ್ದಾರೆ. ಆ ರಸೀದಿಗೆ ಸೈನ್ ಹಾಕಿದ್ದು ನೀನು. ಇದಕ್ಕೇನಂತೀಯ?”

ಕ್ಷಣಕಾಲ ಆ ಕೋಣೆಯ ಗಡಿಯಾರವೂ ಹೆದರಿ ನಿಂತಿತು.

“ನಮ್ಮಪ್ಪನಾ? ಎರಡು ಲಕ್ಷಾನಾ?” ಅವನ ದನಿ ಕೀರಲಾಯಿತು. “ಬದುಕಿದ್ದಾಗ ನನಗೊಂದು ಐಸ್‌ಕ್ಯಾಂಡಿ ಕೊಡಿಸದ ಮನುಷ್ಯ! ಸತ್ತು ಒಂಬತ್ತು ವರ್ಷ ಆದ್ಮೇಲೆ ಎದ್ದು ಬಂದು ಈ ಕಳ್ಳನಿಗೆ ಕೊಟ್ಟನಾ?”

ಆಮೇಲೆ ಬಂದದ್ದು ಮಾತಲ್ಲ, ಒಡೆದ ಅಣೆಕಟ್ಟು. ಇಪ್ಪತ್ತು ವರ್ಷಗಳ ಹೂಂಗಳೆಲ್ಲ ಒಟ್ಟಿಗೆ ತಿರುಗಿಬಿದ್ದವು. ಆರು ಮಹಡಿಗಳ ಕಿಟಕಿ ಗಾಜುಗಳು ಗಡಗಡ ನಡುಗಿದವು. ಕೆಳಗಿನ ಕ್ಯಾಂಟೀನಿನಲ್ಲಿ ಚಹಾ ತಾನಾಗಿಯೇ ಉಕ್ಕಿತು. “ಬರ್ಕೊಳ್ಳಿ ಮೇಡಂ! ಈ ಸಾಹೇಬ್ರು ಮೆತ್ತಗಣ್ಣನ ದುಡ್ಡನ್ನ ಸತ್ತವರ ಹೆಸರಲ್ಲಿ ಪ್ರಚಾರಕ್ಕೆ ತಗೊಂಡ್ರು. ಅದರಲ್ಲೂ ಅರ್ಧ ನುಂಗಿ ಮೆತ್ತಗಣ್ಣನಿಗೇ ಟೋಪಿ ಹಾಕಿದ್ರು. ನನ್ನ ಕುರ್ಚಿಯಲ್ಲೇ ಕೂತು ಫೋನಲ್ಲಿ ನಗ್ತಾ ಹೇಳಿದ್ದಾರೆ! ನುಂಗಿದ್ದು ಎಲ್ಲಿದೆ ಗೊತ್ತಾ? ಪ್ರಚಾರ ಕಚೇರಿಯಲ್ಲಿ, ಕೈ ಮುಗಿದು ನಿಂತ ಅವರದೇ ದೊಡ್ಡ ಫೋಟೋ ಹಿಂದಿನ ಗೋಡೆಯಲ್ಲಿ!”

ಆಕೆಯ ಕಣ್ಣು ಮೊದಲ ಬಾರಿಗೆ ಮಿಟುಕಿತು. ವ್ಯಾನುಗಳು ಓಡಿದವು. ಫೋಟೋ ಇಳಿಯಿತು, ಗೋಡೆ ಒಡೆಯಿತು, ನೋಟು ಸುರಿಯಿತು. ಹೊತ್ತು ಇಳಿಯುವಷ್ಟರಲ್ಲಿ ಸಾಹೇಬರು ಬಂಧನದಲ್ಲಿದ್ದರು. ಮೆತ್ತಗಣ್ಣನ ಹೆಸರು ಮಾತ್ರ ಒಂದು ನೋಟಿನ ಮೇಲೂ ಇರಲಿಲ್ಲ, ಎಂದಿನಂತೆ ಏನೂ ಸಾಬೀತಾಗಲಿಲ್ಲ.

“ನೀವು ಹೋಗ್ಬಹುದು. ಅಂಗಡಿ ನಿಮ್ಮದೇ” ಎಂದಳು ಅಧಿಕಾರಿ. ಮಾತು ಬಹುವಚನಕ್ಕೆ ಏರಿತ್ತು. “ಒಂದು ಮಾತ್ರ ಅರ್ಥ ಆಗ್ಲಿಲ್ಲ. ಇಷ್ಟು ದಿನ ಸುಮ್ನಿದ್ದು ಇವತ್ತೇ ಯಾಕೆ ಹೇಳಿದ್ರಿ?”

“ಸಿಟ್ಟು ಬಂತು ಮೇಡಂ!”

ಆಕೆ ನಂಬಿದಳೋ ಇಲ್ಲವೋ. ಅವನು ಗಾಳಿಯ ಮೇಲೆ ನಡೆಯುತ್ತ ಬೀದಿಗೆ ಬಂದ. ಪೋಸ್ಟ್ ಮಾಸ್ಟರರು ಬಲಗೆನ್ನೆ ಮುಂದೆ ಮಾಡಿಕೊಂಡೇ ಹಿಂದೆ ಬಂದರು.

ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೈಕು, ಟೀವಿ ಕ್ಯಾಮರಾ, ಸಾಹೇಬರ ಪಕ್ಷದ ಪದಾಧಿಕಾರಿಗಳ ದಂಡು. “ಭ್ರಷ್ಟನನ್ನು ಹಿಡಿದುಕೊಟ್ಟ ಧೀರ! ಇವರೇ ನಮ್ಮ ಹೊಸ ಅಭ್ಯರ್ಥಿ!” ಎಂದು ಕಿರುಚಿತು ಮೈಕು. “ನಂಗೆ ಅವರು ಮೊದಲಿಂದ ಗೊತ್ತು, ನನ್ನ ಖಾಸಾ ದೋಸ್ತ್” ಎಂದು ಟೈಲರ್ ಕ್ಯಾಮರಾಕ್ಕೆ ಹೇಳುತ್ತಿದ್ದ.

“ಯಾವನೋ ಅವನು ಅಭ್ಯರ್ಥಿ ಅಂದಿದ್ದು? ನಂಗೆ ಬೇಡ! ತೊಲಗ್ರೋ ಎಲ್ಲಾ!” ಎಂದು ಕ್ಷೌರಿಕ ಅರಚಿದ.

“ನೋಡಿ, ಅಧಿಕಾರದ ಆಸೆಯೇ ಇಲ್ಲ!” ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಗುಂಪು ತಾನಾಗಿಯೇ ಇಬ್ಭಾಗವಾಯಿತು. ಮೆತ್ತಗಣ್ಣ ಬಂದು ಅವನನ್ನು ಅಪ್ಪಿಕೊಂಡ. “ನನ್ನ ದುಡ್ಡು ತಿಂದವನನ್ನ ಒಳಗೆ ಹಾಕ್ಸಿದೆ, ತಮ್ಮಾ. ನೀನು ನಿಲ್ಲು. ಖರ್ಚು ನಂದು” ಎಂದ, ಮೆತ್ತಗೆ. ಕ್ಯಾಮರಾಗಳು ಮಿಂಚಿದವು. ಕ್ಷೌರಿಕ ಕೊಸರಾಡಿದ, ಫೋಟೋದಲ್ಲಿ ಅದೂ ಅಪ್ಪುಗೆಯಂತೆಯೇ ಬಂತು.

ಸಾಹೇಬರನ್ನು ಜೈಲಿಗೆ ಒಯ್ಯುತ್ತಿದ್ದ ವ್ಯಾನು, ರೇಡಿಯೋದಲ್ಲಿ ಈ ಸುದ್ದಿ ಬಿತ್ತೆಂದು ದಾರಿ ಬದಲಿಸಿ ಅಲ್ಲಿಗೇ ಬಂದು ನಿಂತದ್ದು ಆಗ. ಅಧಿಕಾರಿ ಇಳಿದಳು. ಮೈಕನ್ನು ನೋಡಿದಳು, ಮೆತ್ತಗಣ್ಣನ ತೋಳನ್ನು ನೋಡಿದಳು.

“ಸಾಹೇಬರು ಜೈಲಿಗೆ, ಅವರ ಸೀಟು ನಿನಗೆ, ದುಡ್ಡು ಇವನದು. ಸಿಟ್ಟು ಬಂತು ಅಂದೆ ಅಲ್ವಾ? ನಾನೂ ನಂಬಿದ್ದೆ ನೋಡು!”

ಮಾತು ಏಕವಚನಕ್ಕೆ ಇಳಿಯಿತು. ಅಂಗಡಿಯ ಶಟರೂ ಇಳಿಯಿತು. ಬೀಗದ ಮೇಲೆ ಸೀಲು ಬಿತ್ತು. “ನನ್ನ ಕೆನ್ನೆ!” ಎಂದು ಪೋಸ್ಟ್ ಮಾಸ್ಟರರು ಕೂಗಿದ್ದು, “ದ್ವೇಷ ರಾಜಕಾರಣಕ್ಕೆ ಧಿಕ್ಕಾರ!” ಎಂಬ ಘೋಷಣೆಯಲ್ಲಿ ಮುಳುಗಿಹೋಯಿತು.

ಕ್ಷೌರಿಕನನ್ನು ವ್ಯಾನಿನೊಳಕ್ಕೆ ದಬ್ಬಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಸಾಹೇಬರು ತುಸು ಸರಿದು ಜಾಗ ಕೊಟ್ಟರು.

“ಬಾರಯ್ಯಾ. ಚುನಾವಣೆಗೆ ನಿಂತೇಬಿಟ್ಟೆಯಂತೆ! ಖಜಾಂಚಿ ಯಾರನ್ನ ಮಾಡ್ಕೊಂಡೆ?”